ಟೂಟಿಂಗಿನ ರಾಣಿಯರು ಮತ್ತು ನನ್ನ ಹೆಂಡತಿಯ ಹರಕೆ

ಕೆಲವರ ಮನೆಗೆ ಬೆಕ್ಕು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ನಮ್ಮ ಬಾಳಿಗೆ ಇಂಗ್ಲೆಂಡಿನ ರಾಣಿಯರು ಹಾಗೆ ಬಂದು ಸೇರಿಕೊಂಡಿದ್ದಾರೆ. ಓಡಿಸಿದರೂ ಹೋಗುವುದಿಲ್ಲ, ಓಡಿಸುವ ಮನಸ್ಸೂ ನನಗಿಲ್ಲ ಅನ್ನಿ. ನಾನೇನು ಅರಮನೆಯಲ್ಲಿ ಚಾಕರಿ ಮಾಡಿದವನಲ್ಲ. ಧಾರವಾಡದಲ್ಲಿ ಇತಿಹಾಸದ ಬಿ.ಎ. ಮಾಡಿ, ಆ ಸರ್ಟಿಫಿಕೇಟನ್ನು ಭದ್ರವಾಗಿ ಟ್ರಂಕಿನಲ್ಲಿಟ್ಟು, ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಬಿಸ್ಕೀಟು ಕಾರ್ಖಾನೆಯಲ್ಲಿ ನೌಕರಿಯ ಆಯುಷ್ಯವೆಲ್ಲ ಮುರಿದ ಬಿಸ್ಕೀಟು ಆರಿಸಿದವನು. ಈಗ ನಿವೃತ್ತ. ಟೂಟಿಂಗಿನಲ್ಲಿ ಮನೆ, ನಾಲ್ಕು ಹೆಜ್ಜೆಗೊಂದು ದೋಸೆಯ ಹೋಟೆಲು, ಮಾತಾಡಲು ಬೇಕಾದಷ್ಟು ಹೊತ್ತು. ಮನುಷ್ಯನಿಗೆ ಇನ್ನೇನು ಬೇಕು?

ನನಗೆ ಏನೂ ಬೇಡ, ಆದರೆ ನನ್ನ ಹೆಂಡತಿಗೆ ಐದು ಮುತ್ತೈದೆಯರು ಬೇಕಾಗಿದ್ದರು. ಮೊಣಕಾಲಿನ ಆಪರೇಷನ್ ಆದಾಗ ಅವಳು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಕೋಲಿಲ್ಲದೆ ಮಾರ್ಕೆಟ್ಟಿಗೆ ಹೋಗಿಬರುವಂತೆ ಮಾಡಿದರೆ ನವರಾತ್ರಿಯ ಶುಕ್ರವಾರ ಐದು ಮುತ್ತೈದೆಯರಿಗೆ ಉಡಿ ತುಂಬಿ, ಹೋಳಿಗೆ ಬಡಿಸಿ, ಅವರು ಉಂಡ ಮೇಲೆಯೇ ತಾನು ತುತ್ತೆತ್ತುವುದು ಅಂತ. ಕಾಲು ನೆಟ್ಟಗಾಯಿತು. ಕೋಲು ಮೂಲೆ ಸೇರಿತು. ಉಳಿದದ್ದು ದೇವಿಯ ಬಾಕಿ.

ಮಗಳು ಫೋನಿನಲ್ಲಿ, "ಅಮ್ಮಾ, ಗಂಡ ಇದ್ದವರಿಗೆ ಮಾತ್ರ ಊಟ ಅಂದ್ರೆ, ದಟ್ಸ್ ಸೋ ಸೆಕ್ಸಿಸ್ಟ್!" ಎಂದಳು.

"ಹೌದವಾ, ಬರೋಬರಿ ಹೇಳಿದಿ. ಇದೊಂದು ಹರಕಿ ಮುಗೀಲಿ, ಆಮ್ಯಾಲ ಬದಲಾಗೂಣು" ಎಂದಳು ಇವಳು.

ಆ ಶುಕ್ರವಾರ ನಡೆದದ್ದನ್ನು ಹೇಳಲಿಕ್ಕೇ ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ಈ ಊರಿನ ರಾಣಿಭಕ್ತರು ಎಂಥವರು ಅನ್ನುವುದು ನಿಮಗೆ ಗೊತ್ತಾಗಬೇಕು.

ಪಿನ್ನು ಚುಚ್ಚಿಕೊಂಡ ರಾಜನಿಷ್ಠ

ಕಾರ್ಖಾನೆಯಲ್ಲಿ ನನ್ನ ಪಕ್ಕದ ಬೆಲ್ಟಿನಲ್ಲಿ ಒಬ್ಬ ಹಳೆಯ ಪಂಕ್, ಅಂದರೆ ರಾಣಿ, ಸರ್ಕಾರ ಎಲ್ಲಕ್ಕೂ ಬೈದು ಹಾಡುವ ಪಂಥದವನು, ಕೆಲಸ ಮಾಡುತ್ತಿದ್ದ. ತಲೆಯ ಎರಡು ಕಡೆ ಬೋಳಿಸಿ, ನಡುವೆ ಹಸಿರು ಕೂದಲನ್ನು ಹುಂಜದ ಜುಟ್ಟಿನ ಹಾಗೆ ನಿಲ್ಲಿಸಿದ್ದ. ಆಹಾರದ ಕಾರ್ಖಾನೆಯಾದ್ದರಿಂದ ಎಲ್ಲರೂ ತಲೆಗೆ ಬಲೆಯ ಟೊಪ್ಪಿಗೆ ಹಾಕಲೇಬೇಕು. ಅವನು ಹಾಕಿಕೊಂಡರೆ ಮೀನಿನ ಬಲೆಯಲ್ಲಿ ಅನಾನಸು ಸಿಕ್ಕಿಬಿದ್ದಂತೆ ಕಾಣುತ್ತಿತ್ತು. ಕಿವಿಯ ತುಂಬ ಸೇಫ್ಟಿ ಪಿನ್ನು. ಸೂಪರ್‌ವೈಸರನ ಕಣ್ಣಿಗೆ ಬಿದ್ದಾಗಲೆಲ್ಲ ತೆಗೆದಿಡುತ್ತಿದ್ದ, ಅವನು ಅತ್ತ ಹೋದ ಕೂಡಲೆ ಮತ್ತೆ ಚುಚ್ಚಿಕೊಳ್ಳುತ್ತಿದ್ದ. ಬಿಸ್ಕೀಟಿನಲ್ಲಿ ಲೋಹವಿದ್ದರೆ ಕೂಗುವ ಯಂತ್ರ ಅವನು ಬಗ್ಗಿದಾಗೆಲ್ಲ ಕೂಗಿ, ಇಡೀ ಬೆಲ್ಟು ನಿಂತು, ನಮಗೆಲ್ಲ ಪುಕ್ಕಟೆ ಚಹಾದ ಹೊತ್ತು ಸಿಗುತ್ತಿತ್ತು.

ಬಾಯಿ ತೆರೆದರೆ ರಾಣಿಗೆ ಬೈಗುಳ. "ಅರಮನೆ ಮಾರಿ ಬಡವರಿಗೆ ಮನೆ ಕಟ್ಟಿಸಬೇಕು. ಅವಳನ್ನು ನಮ್ಮ ಜೊತೆ ಬೆಲ್ಟಿಗೆ ನಿಲ್ಲಿಸಬೇಕು" ಅಂತ ದಿನವೂ ಭಾಷಣ. ಒಮ್ಮೆ ರಾಣಿಯ ಯಾವುದೋ ಉತ್ಸವಕ್ಕೆ ಅವಳ ಮುಖ ಅಚ್ಚು ಹಾಕಿದ ತಗಡಿನ ಡಬ್ಬಿಗಳು ಬಂದವು. ಒಂದು ಡಬ್ಬಿ ನನ್ನ ಕೈಜಾರಿ ಬಿದ್ದು, ರಾಣಿಯ ಗಲ್ಲ ನೆಗ್ಗಿತು. ನಾನದನ್ನು ರದ್ದಿಯ ತೊಟ್ಟಿಗೆ ಎಸೆದೆ. ಪಂಕ್ ಓಡಿಬಂದು ತೊಟ್ಟಿಯಲ್ಲಿ ಅರ್ಧ ಮುಳುಗಿ ಡಬ್ಬಿ ಹೊರತೆಗೆದ. ಒಳಗಿಂದ ಹೆಬ್ಬೆರಳು ಒತ್ತಿ, ಗಲ್ಲ ಸರಿಮಾಡಿ, ತೋಳಿನಿಂದ ಒರೆಸಿದ. ಕಣ್ಣು ತುಂಬಿದ್ದವು.

"ನೀನೇ ದಿನಾ ಆಕೆಗೆ ಬೈತೀಯಲ್ಲೋ ಮಾರಾಯಾ!" ಎಂದೆ.

"ಬೈಯೋದು ಬೇರೆ, ಬೀಳಿಸೋದು ಬೇರೆ. ನಿಮ್ಮ ತಾಯಿಯನ್ನ ನೀವು ಬೈಯೋದಿಲ್ವಾ? ಹಾಗಂತ ನಾನು ಬಂದು ತೊಟ್ಟಿಗೆ ಎಸೀಲಾ?"

ಕಾಗೆ ಮುಟ್ಟಿತೇ?

ನಮ್ಮ ಎಡಗಡೆಯ ಮನೆಯಲ್ಲಿ ಒಬ್ಬ ಗಾತ್ ಹುಡುಗಿ ಇದ್ದಾಳೆ. ಗಾತ್ ಅಂದರೆ ಸಾವು, ಸ್ಮಶಾನ, ಕತ್ತಲೆ ಇವುಗಳನ್ನೇ ಸಿಂಗಾರ ಮಾಡಿಕೊಂಡ ಪಂಥ. ಕಪ್ಪು ಲಂಗ, ಕಪ್ಪು ತುಟಿ, ಕಪ್ಪು ಉಗುರು. ಸ್ವಭಾವ ಮಾತ್ರ ಬಿಸಿ ಹಾಲು. ಕೌನ್ಸಿಲ್ಲಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುವ ಕೆಲಸ. ಅವಳನ್ನು ಮೊದಲ ಸಲ ಅಮಾವಾಸ್ಯೆಯ ದಿನ ಗೇಟಿನಲ್ಲಿ ಕಂಡು ನನ್ನ ಹೆಂಡತಿ ಒಳಗೆ ಓಡಿ, ಉಪ್ಪು ಮೆಣಸಿನಕಾಯಿ ತಂದು ನನ್ನ ದೃಷ್ಟಿ ತೆಗೆದಳು. ಹುಡುಗಿ ಬೇಲಿಯ ಆಚೆಯಿಂದ ನೋಡಿ, "ಎಷ್ಟು ಚೆಂದ! ನನಗೂ ಮಾಡ್ತೀರಾ ಆಂಟೀ?" ಎಂದು ತಲೆ ಬಾಗಿಸಿದಳು. ಅಂದಿನಿಂದ ಇಬ್ಬರೂ ಜೀವದ ಗೆಳತಿಯರು.

ಈ ಹುಡುಗಿಯ ಆರಾಧ್ಯದೈವ ಒಬ್ಬ ಹಳೆಯ ಇಂಗ್ಲಿಷ್ ರಾಣಿ. ಗಂಡ ಮಹಾರಾಜನೇ ತಲೆ ತೆಗೆಸಿದ ರಾಣಿ. ಅವಳು ಸತ್ತ ದಿನ ಥೇಮ್ಸ್ ದಂಡೆಯ ಆ ಕೋಟೆಗೆ ಹೋಗಿ ಗುಲಾಬಿ ಇಟ್ಟುಬರುವುದು ಹುಡುಗಿಯ ವ್ರತ.

ನನ್ನ ಹೆಂಡತಿ ಕೇಳಿದಳು, "ತಿಥಿಗೆ ಬರೇ ಹೂವಾ? ಎಡಿ ಏನು ಇಡ್ತೀರಿ?"

"ಏನೂ ಇಡೋದಿಲ್ಲ ಆಂಟೀ."

"ಇಷ್ಟು ವರ್ಷ ಉಪವಾಸ ಕೆಡವೀರೇನು ಪಾಪ ಆಕಿನ್ನ!"

ಆಗಲೇ ಎದ್ದು ವಡೆ ಕರಿದು, ಡಬ್ಬಿಗೆ ತುಂಬಿ, ನನ್ನನ್ನೂ ಜೊತೆಗೆ ಅಟ್ಟಿದಳು. ಟ್ಯೂಬಿನಲ್ಲಿ ಹುಡುಗಿಗೆ ಒಂದು ಸಂಶಯ ಬಂತು. "ಅಂಕಲ್, ಆಕೆಗೆ ತಲೆಯೇ ಇಲ್ಲವಲ್ಲ, ಹೇಗೆ ತಿಂತಾಳೆ?"

"ನಮ್ಮಲ್ಲಿ ಸತ್ತವರ ಪರವಾಗಿ ಕಾಗೆ ತಿನ್ನುತ್ತದೆ" ಎಂದೆ.

ಆ ಕೋಟೆಯಲ್ಲಿ ಸಾಕಿದ ಕಾಗೆಗಳಿವೆ. ಕಾಗೆ ಅಂದರೆ ನಮ್ಮ ಕಾಗೆಯಲ್ಲ, ಕಾಗೆಯ ದೊಡ್ಡಪ್ಪ. ಅವು ಹಾರಿಹೋದರೆ ರಾಜ್ಯವೇ ಬೀಳುತ್ತದೆಂದು ಇವರ ನಂಬಿಕೆ. ಹುಡುಗಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅದರಲ್ಲೊಂದು ಕುಪ್ಪಳಿಸಿ ಬಂದು ವಡೆ ಎತ್ತಿಕೊಂಡು ಹೋಯಿತು. ನಮ್ಮೂರಲ್ಲಿ ಕಾಗೆಗಾಗಿ ಮಾಳಿಗೆಯ ಮೇಲೆ ಕಾದು ಕಾದು ಕೈಮುಗಿಯುತ್ತೇವೆ. ಇಲ್ಲಿ ರಾಣಿ ಕಾಯಿಸಲೇ ಇಲ್ಲ! ನನಗೇ ಅರಿವಿಲ್ಲದೆ ಎರಡೂ ಕೈ ಜೋಡಿಸಿದೆ.

ಕಾವಲಿನವನು ಬಂದ. "ಸರ್, ಹಕ್ಕಿಗಳಿಗೆ ಏನೂ ಹಾಕಬಾರದು."

"ಹಕ್ಕಿಗಲ್ಲ, ರಾಣಿಗೆ."

ಅವನು ಗುಲಾಬಿ ನೋಡಿದ, ಹುಡುಗಿಯ ಕಪ್ಪು ತುಟಿ ನೋಡಿದ, ನನ್ನ ಮಂಗನ ಟೊಪ್ಪಿಗೆ ನೋಡಿದ. ದನಿ ತಗ್ಗಿಸಿ ಕೇಳಿದ: "ನಿಮಗೆ ಹತ್ತಿರದ ಸಂಬಂಧವೇ?"

"ಇಲ್ಲ" ಎಂದೆ, "ನೆರೆಮನೆಯವರ ಕಡೆಯವರು."

ಅಕ್ಕ ಮತ್ತು ತಮ್ಮ

ಬಲಗಡೆಯ ಮನೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್. ಹಗಲು ನುಣ್ಣಗೆ ಬೋಳಿಸಿದ ತಲೆ, ಮಾಸಿದ ಡಂಗ್ರಿ, ಕೈಯಲ್ಲಿ ಟೆಸ್ಟರು. ಸಂಜೆಯಾದರೆ ಆತ ಕ್ವೀನ್. ಗಂಡಸರು ಹೆಣ್ಣುವೇಷ ಹಾಕಿ, ಹಾಡಿ, ನಗಿಸುವ ಆಟ ಈ ಊರಿನ ಕ್ಲಬ್ಬುಗಳಲ್ಲಿ ಹಳೆಯದು. ಆ ವೇಷದವರನ್ನು ಕರೆಯುವುದೇ ಕ್ವೀನ್ ಅಂತ. ಈತ ಅದಕ್ಕೆ ಪೂರ್ತಿ ನ್ಯಾಯ ಸಲ್ಲಿಸಿ ನಿಜವಾದ ಇಂಗ್ಲಿಷ್ ರಾಣಿಯರ ವೇಷವನ್ನೇ ಹಾಕುತ್ತಿದ್ದ. ಒಂದು ದಿನ ಕೆಂಪು ಕೂದಲ ರಾಣಿ, ಒಂದು ದಿನ ಮುತ್ತಿನ ಸರದ ರಾಣಿ.

ನನ್ನ ಹೆಂಡತಿ ಅಡಿಗೆಮನೆಯ ಕಿಟಕಿಯಿಂದ ಕಂಡದ್ದು ಇಷ್ಟು: ಹಗಲು ಒಬ್ಬ ಬೋಳ ಒಳಗೆ ಹೋಗುತ್ತಾನೆ, ಸಂಜೆ ಒಬ್ಬ ಮಹಾರಾಣಿ ಹೊರಗೆ ಬಂದು ಟ್ಯಾಕ್ಸಿ ಏರುತ್ತಾಳೆ.

"ದೊಡ್ಡ ಮನೆತನದಾಕಿ ರೀ. ನಡಿಗಿ ನೋಡ್ರಿ! ಆ ಬೋಳ ಆಕಿ ತಮ್ಮ. ಮಾರಿ ಹೋಲ್ತದ."

"ಅವ ಆಕಿ ತಮ್ಮ ಅಲ್ಲಲೇ, ಅವ..."

"ತಮ್ಮ ಅಲ್ಲಂದ್ರ ಅಣ್ಣ. ಕೂದಲ ಹೋಗ್ಯಾವಂದ್ರ ಅಣ್ಣನ ಇರಬೇಕು."

ಅವಳ ಮಾತು ಮುಗಿಯುವುದರೊಳಗೆ ನನ್ನ ಮಾತು ಸಾಯುತ್ತದೆ. ಇದು ನಮ್ಮ ಸಂಸಾರದ ಪದ್ಧತಿ.

ಹರಕೆಯ ವಾರದಲ್ಲಿ ನಾಲ್ವರು ಗಟ್ಟಿಯಾಗಿದ್ದರು. ಸಟನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ವಿಜಯಪುರದಾಕೆ, ಕಲಬುರಗಿಯ ಅತ್ತಿಗೆ ನಾದಿನಿ ಇಬ್ಬರು, ಉಡುಪಿಯ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಗೆಳತಿ. "ಇಗರ್ಜಿಗೆ ಹೋಗಲಿ, ಗಂಡ ಗಟ್ಟಿ ಅದಾನಲ್ಲ, ಎಲ್ಲಮ್ಮಗ ಅಷ್ಟ ಸಾಕು" ಎಂದಿದ್ದಳು ಇವಳು. ಐದನೆಯವರಿಗೆ ಬುಧವಾರ ಮೊಮ್ಮಗು ಹುಟ್ಟಿತು. ಸಂತೋಷವೇ. ಆದರೆ ಪುರುಡು ಬಂತು, ಹರಕೆಯ ಪಂಕ್ತಿಗೆ ಅವರು ಬರುವಂತಿಲ್ಲ. ಇವಳ ಮುಖ ಬಾಡಿತು. ಆಗಲೇ ಬಲಗಡೆಯವನು ಗೇಟು ತೆರೆದ.

"ಫ್ರೈಡೇ, ಯುವರ್ ಸಿಸ್ಟರ್, ಲಂಚ್!" ಎಂದು ಇವಳು ಬೇಲಿಗೇ ಹೋದಳು. "ಮಸ್ಟ್ ಸೆಂಡ್! ಸಿಸ್ಟರ್ ಮ್ಯಾರೀಡ್?"

ಅವನು ನನ್ನನ್ನು ನೋಡಿದ. ನಾನು ಮೋಡ ನೋಡಿದೆ.

"ಮ್ಯಾರೀಡ್" ಎಂದ, ಎದೆಯ ಮೇಲೆ ಕೈಯಿಟ್ಟು. "ಖಂಡಿತ ಬರ್ತಾಳೆ."

ಆಮೇಲೆ ನನ್ನನ್ನು ಮೂಲೆಗೆ ಎಳೆದ. "ಇಷ್ಟು ವರ್ಷ ವೇಷ ಹಾಕಿದೀನಿ, ಕ್ಲಬ್ಬಿನ ಹೊರಗೆ ಯಾರೂ ಮೋಸ ಹೋಗಿರಲಿಲ್ಲ. ದಯವಿಟ್ಟು ಹೇಳಬೇಡಿ. ನನ್ನ ಜೀವನದ ದೊಡ್ಡ ಪ್ರಶಸ್ತಿ ಇದು!"

ಬುಧವಾರ ಇದ್ದನಲ್ಲ!

ಶುಕ್ರವಾರ ಎಲೆ ಹಾಕಿದ್ದಾಯಿತು. ಹೂರಣದ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ನಾಲ್ವರೂ ರೇಷ್ಮೆ ಸೀರೆಯುಟ್ಟು ಕೂತಿದ್ದರು. ಇವಳು ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ಬಲಗಡೆಯವನು ಹಸಿರು ಜರಿಯ ಗೌನು ಹಾಕಿ ಬರುವುದಾಗಿ ಮಾತು ಕೊಟ್ಟಿದ್ದ. ಆದರೆ ಅವತ್ತೇ ಬೆಳಿಗ್ಗೆ ವೃದ್ಧಾಶ್ರಮವೊಂದರಲ್ಲಿ ಅವನ ಆಟ. ಅಲ್ಲಿನ ಮುದುಕಿಯರು ಹಳೆಯ ವಿಧವೆ ರಾಣಿಯೇ ಬೇಕೆಂದು ಹಟ ಹಿಡಿದರಂತೆ. ಗಂಡ ಸತ್ತ ಮೇಲೆ ಬದುಕಿಡೀ ಕಪ್ಪು ಬಿಟ್ಟು ಬೇರೆ ಉಡದ ರಾಣಿ. ರೈಲು ತಡವಾಗಿ, ವೇಷ ಬದಲಿಸಲು ಹೊತ್ತಿಲ್ಲದೆ, ನೇರ ನಮ್ಮ ಬಾಗಿಲಿಗೇ ಬಂದ.

ಇವಳು ಆರತಿತಟ್ಟೆ ಹಿಡಿದು ಬಾಗಿಲು ತೆರೆದಳು. ಎದುರಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು, ತಲೆಯ ಮೇಲೆ ಬಿಳಿಯ ಮುಸುಕು.

ತಟ್ಟೆ ಅಲ್ಲೇ ಕೆಳಗಿಟ್ಟಳು. "ಅಯ್ಯಯ್ಯ! ಯಾವಾಗ ಆತಽ ನಮ್ಮವ್ವಾ? ಬುಧವಾರ ಇದ್ದನಲ್ಲ!"

ಅಪ್ಪಿಕೊಂಡು ಅತ್ತೇ ಬಿಟ್ಟಳು. ಕಲಬುರಗಿಯವರಿಬ್ಬರೂ ಎದ್ದುಬಂದು ಸೆರಗು ಬಾಯಿಗೆ ಹಿಡಿದರು. ಉಡುಪಿಯಾಕೆ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಅವನಿಗೆ ಒಂದಕ್ಷರವೂ ತಿಳಿಯದೆ, ಎಲ್ಲರೂ ಅಳುತ್ತಾರಲ್ಲಾ ಎಂದು ಅವನ ಕಣ್ಣಲ್ಲೂ ನೀರು. ಕಾಡಿಗೆ ಕರಗಿ ಗಲ್ಲಕ್ಕಿಳಿದು, ದುಃಖ ಇನ್ನಷ್ಟು ನಿಜವಾಯಿತು.

"ವೇಷ, ವೇಷ! ನಿನ್ನ ಬಟ್ಟೆ ನೋಡಿ ಗಂಡ ಸತ್ತ ಅಂದ್ಕೊಂಡಾರ!" ಎಂದು ನಾನು ಇಂಗ್ಲಿಷಿನಲ್ಲಿ ಕೂಗಿದೆ.

"ಓ ನೋ, ನೋ!" ಎಂದು ಅವನು ಅಪಶಕುನ ತೊಲಗಿಸಲು ಮುಸುಕು ಕಿತ್ತ. ಮುಸುಕಿನೊಂದಿಗೆ ವಿಗ್ಗೂ ಬಂತು.

ನುಣ್ಣಗೆ ಬೋಳಿಸಿದ ತಲೆ.

ನಮ್ಮ ಕಡೆ ಹಳೆಯ ಕಾಲದಲ್ಲಿ ವಿಧವೆಯರಿಗೆ ಏನು ಮಾಡುತ್ತಿದ್ದರೆಂದು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. "ತಲೀನೂ ಬೋಳಿಸ್ಯಾರ! ಈ ಕಾಲದಾಗ! ಲಂಡನ್ನಿನ್ಯಾಗ!" ಎಂದು ವಿಜಯಪುರದಾಕೆ ಫೋನು ಕೈಗೆತ್ತಿಕೊಂಡಳು, ಪೊಲೀಸರಿಗೆ ಹೇಳಲಿಕ್ಕೆ.

ಇನ್ನು ತಡೆಯಲಾಗಲಿಲ್ಲ. "ಆಕಿ ಆಕಿ ಅಲ್ಲರೇ! ಆತ! ಅಕ್ಕನೂ ಇವನ, ತಮ್ಮನೂ ಇವನ! ಬಲಗಡಿ ಮನಿ ಎಲೆಕ್ಟ್ರಿಷಿಯನ್!"

ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟುತ್ತಿತ್ತು. ಇವಳು ಕಣ್ಣೊರೆಸಿಕೊಂಡು ಅವನನ್ನು ಬೋಳಿನಿಂದ ಬೂಟಿನವರೆಗೆ ನೋಡಿದಳು. ಹರಕೆ ಮುರಿಯಿತು, ಕೋಲು ಮತ್ತೆ ಕೈಗೆ ಬಂತು ಎಂದೇ ನಾನು ತಿಳಿದೆ.

"ಒಂದ ಮಾತು ಕೇಳ್ರಿ" ಎಂದಳು ನನಗೆ. "ಗಂಡ ಅದಾನೋ ಇಲ್ಲೋ?"

ಕೇಳಿದೆ. ಅವನು ಮೂಗೊರೆಸಿಕೊಂಡು, "ಇದ್ದಾನೆ. ಸಟನ್ನಿನಲ್ಲಿ ಹಲ್ಲಿನ ಡಾಕ್ಟರು" ಎಂದ. ವಿಡಿಯೋ ಫೋನು ಹಚ್ಚಿಯೇಬಿಟ್ಟ. ತೆರೆಯ ಮೇಲೆ ಮಾಸ್ಕು ಹಾಕಿದ ಒಬ್ಬ ಮನುಷ್ಯ, ಕೈಯಲ್ಲಿ ಡ್ರಿಲ್ಲು, "ಡಾರ್ಲಿಂಗ್, ಪೇಶಂಟ್ ಬಾಯಿ ತೆರೆದು ಕೂತಿದ್ದಾರೆ, ಏನು?" ಎಂದ.

ಇವಳು ಕನ್ನಡಕ ಏರಿಸಿ ನೋಡಿದಳು. "ಜೀವಂತ ಅದಾನ. ಕುಂಕುಮ ತರ್ರಿ!"

ಕಲಬುರಗಿಯ ಅತ್ತಿಗೆ ಮೆಲ್ಲಗೆ, "ಗಂಡಸು ಅಲ್ಲೇನ್ರೀ?" ಎಂದಳು.

"ಎಲ್ಲಮ್ಮನ ಗುಡ್ಡದಾಗ ಸೀರಿ ಉಟ್ಟ ಜೋಗಪ್ಪಗ ನಮ್ಮವ್ವ ಕಾಲು ಬೀಳ್ತಿದ್ದಳು. ದೇವಿಗೇ ಇಲ್ಲದ ತಕರಾರು ನಿನಗ್ಯಾಕ? ಎಲಿ ಮುಂದ ಕುಂಡ್ರು!"

ಹಸಿರು ಬಳೆ ಕೈಗೆ ಹಿಡಿಸದೆ ಎರಡು ಒಡೆದವು. ಹೂವು ಮುಡಿಸಲು ಬೋಳಿನಲ್ಲಿ ಜಾಗವಿಲ್ಲದೆ ವಿಗ್ಗು ಮತ್ತೆ ಏರಿತು. ಕಪ್ಪು ಗೌನಿನ ಮೇಲೆ ಇವಳ ಇಳಕಲ್ ಸೀರೆ ಹೊದಿಸಿ, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಎಲ್ಲ ತುಂಬಿದರು. ಉಣ್ಣುವ ಮುಂಚೆ ನಮ್ಮ ಕಡೆ ಒಡಪು ಹೇಳಬೇಕು, ಗಂಡನ ಹೆಸರನ್ನು ಒಂದು ಪದ್ಯದಲ್ಲಿ ಸೇರಿಸಿ. ನಾಲ್ವರೂ ಡೆಲಿವರಿಯವನಿಗೆ ವಿಳಾಸ ಹೇಳಿದಂತೆ ಗಂಡಂದಿರ ಹೆಸರು ಪಟಪಟ ಒದರಿ ಎಲೆಯ ಕಡೆ ತಿರುಗಿದರು.

ಅವನ ಸರದಿ ಬಂತು. ವಿಜಯಪುರದಾಕೆ ಒಂದು ಒಡಪು ಕಟ್ಟಿ, ತುಂಡು ತುಂಡಾಗಿ ಬಾಯಿಪಾಠ ಮಾಡಿಸಿದಳು:

"ಹೋಳಿಗಿ ಮ್ಯಾಲೆ ತುಪ್ಪ, ತುಪ್ಪದ ಮ್ಯಾಲೆ ಸಕ್ಕರಿ,
ಹಲ್ಲು ನೋವಾದ್ರ ನಮ್ಮ ಗ್ರಹಾಂ ಅವರ ಹತ್ರ ಬರ್ರಿ."

ಕ್ಲಬ್ಬು ತುಂಬಿದ ಜನರ ಮುಂದೆ ಹೇಳಬಾರದ್ದನ್ನೆಲ್ಲ ಹೇಳಿ ಬಂದ ಮನುಷ್ಯ "ಹಲ್ಲು ನೋವಾದ್ರ ನಮ್ಮ" ತನಕ ಸರಾಗ ಬಂದ. ಅಲ್ಲಿ ನಿಂತ. ಬಾಯಿ ತೆರೆದ, ಮುಚ್ಚಿದ. ಬಿಳಿಯ ಪೌಡರಿನ ಕೆಳಗಿಂದ ಮುಖ ಕೆಂಪೇರಿತು. ಖಣದಿಂದ ಮುಖ ಮುಚ್ಚಿಕೊಂಡು, ಕೇಳಿಸಿಯೂ ಕೇಳಿಸದಂತೆ, "ಗ್ರಹಾಂ" ಎಂದ.

ಇವಳು ಉಳಿದ ನಾಲ್ವರ ಕಡೆ ತಿರುಗಿ, "ನೋಡಿ ಕಲೀರೇ! ಮುತ್ತೈದಿ ಅಂದ್ರ ಹಿಂಗ ನಾಚಬೇಕು!" ಎಂದಳು. ಐವರೂ ಉಂಡೆದ್ದ ಮೇಲೆ ಅವನ ಪಕ್ಕದಲ್ಲೇ ಕೂತು ಮೊದಲ ತುತ್ತು ಬಾಯಿಗಿಟ್ಟುಕೊಂಡಳು.