ಬೀರುವಿನ ಬೆನ್ನು

ಎಲ್ಲಕ್ಕೂ ಕಾರಣ ಒಂದು ಗೋಡೆ ಗಡಿಯಾರ. ಆರು ತಿಂಗಳಿಂದ ಹತ್ತೂಕಾಲಿಗೇ ನಿಂತು ಇಡೀ ಸ್ಟಾಫ್ ರೂಮಿಗೆ ನೆಮ್ಮದಿ ಕೊಟ್ಟಿದ್ದ ಆ ಗಡಿಯಾರಕ್ಕೆ ಡ್ರಾಯಿಂಗ್ ಮೇಷ್ಟ್ರು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಹೊಸ ಬ್ಯಾಟರಿ ಹಾಕಿದರು. ಅದು ಟಿಕ್ ಅಂದದ್ದೇ ತಡ, ಬಾಗಿಲಲ್ಲಿ ಹೆಡ್ ಮೇಡಂ ಪ್ರತ್ಯಕ್ಷ. ಕೈಯಲ್ಲಿ ಜಿಲ್ಲಾ ಶಿಕ್ಷಣ ಕಚೇರಿಯ ಪತ್ರ. ಜಿಲ್ಲೆಯ ಅರವತ್ತೊಂದು ಸರ್ಕಾರಿ ಶಾಲೆಗಳಿಗೂ ಹೊಸ ಕಂಪ್ಯೂಟರು, ಹೊಸ ವೈಫೈ, ಹೊಸ ಪರದೆ. ಪ್ರತಿ ಶಾಲೆಗೂ ಒಬ್ಬ ತಂತ್ರಜ್ಞಾನ ಉಸ್ತುವಾರಿ ಇರತಕ್ಕದ್ದು.

"ನಿಮ್ದು ಮಿಷನ್ ಕೈ ಮೇಷ್ಟ್ರೇ," ಅಂದರು ಮೇಡಂ.

"ಅಯ್ಯೋ, ನಾನು ಬರೀ ಪ್ಲಸ್ಸು ಮೈನಸ್ಸು ನೋಡಿ ಹಾಕ್ದೆ ಮೇಡಂ."

"ನಮ್ಮ ಗಣಿತದ ಮೇಷ್ಟ್ರಿಗೆ ಅದೂ ಬರಲ್ಲ."

ಗಣಿತದ ಮೇಷ್ಟ್ರು ತಲೆಯಾಡಿಸಿ ಒಪ್ಪಿಕೊಂಡರು. ಕೆಲಸ ತಪ್ಪುತ್ತದೆ ಅಂದರೆ ಅವರು ಯಾವ ಅವಮಾನವನ್ನೂ ಭಾಗಿಸಿ ಸೊನ್ನೆ ಮಾಡಬಲ್ಲರು.

ಡ್ರಾಯಿಂಗ್ ಮೇಷ್ಟ್ರು ಒಪ್ಪಿಕೊಂಡದ್ದು ಪತ್ರದ ಕೊನೆಯ ಸಾಲು ನೋಡಿ: ಉದ್ಘಾಟನೆಯ ದಿನ ಯಶಸ್ವಿಯಾದ ಉಸ್ತುವಾರಿಯ ಕೋರಿಕೆಯನ್ನು ಸಾಹೇಬರು ಖುದ್ದಾಗಿ ಪರಿಶೀಲಿಸುವರು. ಕೋರಿಕೆ ಒಂದೇ, ಟ್ರಾನ್ಸ್‌ಫರ್. ಎರಡು ಬಸ್ಸು ಬದಲಿಸಿ ಬರುವ ಮೇಷ್ಟ್ರು ಮನೆ ಬಿಡುವಾಗ ಮಗಳು ಎದ್ದಿರುವುದಿಲ್ಲ, ಮರಳುವಾಗ ಮಲಗಿರುತ್ತಾಳೆ. ಭಾನುವಾರ ಅವಳು ಎದ್ದಿರುತ್ತಾಳೆ, ಇವರು ಏಳುವುದಿಲ್ಲ. ಒಂದನೇ ಕ್ಲಾಸಿನ ಆ ಹುಡುಗಿ ಬಿಡಿಸಿದ 'ನಮ್ಮ ಮನೆ' ಚಿತ್ರದಲ್ಲಿ ಅಮ್ಮ ನಿಂತಿದ್ದಳು, ಬೆಕ್ಕು ಕೂತಿತ್ತು, ಅಪ್ಪ ಅಂದರೆ ಒಂದು ಹೊದಿಕೆ ಮತ್ತು ಎರಡು ಪಾದ. ಅವಳು ಓದುವ ಶಾಲೆ ಮನೆಯ ಹಿಂದೇ ಇದೆ. ಮೇಷ್ಟ್ರಿಗೆ ಬೇಕಾದದ್ದು ಅದೇ ಶಾಲೆ.

ಹಾಗೆ ನೋಡಿದರೆ, 'ದೂರ'ದ ಕಾರಣ ಕೊಟ್ಟು ಟ್ರಾನ್ಸ್‌ಫರ್ ಅರ್ಜಿ ಹಾಕದೇ ಇದ್ದದ್ದು ಸ್ಟಾಫ್ ರೂಮಿನಲ್ಲಿ ಆ ಗಡಿಯಾರ ಒಂದೇ.

ಉದ್ಘಾಟನೆಯ ದಿನ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರು ಕಚೇರಿಯಲ್ಲೇ ಕೂತು ಅರವತ್ತೊಂದು ಶಾಲೆಗಳ ಪರದೆಯಲ್ಲಿ ಒಟ್ಟಿಗೆ ಮೂಡಿ ಮಾತಾಡುವವರಿದ್ದರು. ಹನ್ನೊಂದಾದರೂ ಶಾಲೆಯ ಹಾಲ್‌ನಲ್ಲಿ ಹಾಕಿದ್ದ ಪರದೆ ತೊಳೆದಿಟ್ಟ ತಟ್ಟೆಯಂತೆ ಖಾಲಿ. ವೈಫೈ ಸುಳಿವೇ ಇಲ್ಲ.

"ಎತ್ತರದಲ್ಲಿ ಸಿಗುತ್ತೆ ರೀ," ಅಂತ ಡ್ರಿಲ್ ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದು ಮೇಜು ಹತ್ತಿದರು. ಮೇಜಿನ ಮೇಲೆ ಕುರ್ಚಿ ಇಟ್ಟು ಅದನ್ನೂ ಹತ್ತಿದರು. ಸಿಕ್ಕಿದ್ದು ಫ್ಯಾನಿನ ಧೂಳು.

"ಹೊಸದಲ್ವಾ, ನಾಚಿಕೆ ಇರುತ್ತೆ. ಎಲ್ಲಾ ಒಟ್ಟಿಗೆ ದಿಟ್ಟಿಸಿ ನೋಡ್ಬೇಡಿ," ಅಂದರು ಲೈಬ್ರರಿ ಅಕ್ಕ. ಎಲ್ಲರೂ ಐದು ನಿಮಿಷ ಗೋಡೆ ನೋಡಿದರು. ಪ್ರಯೋಜನವಾಗಲಿಲ್ಲ.

ಹನ್ನೊಂದೂವರೆಗೆ ಡ್ರಾಯಿಂಗ್ ಮೇಷ್ಟ್ರಿಗೆ ಮೊದಲೇ ಕೇಳಬೇಕಾದ ಪ್ರಶ್ನೆ ಹೊಳೆಯಿತು. "ಮೇಡಂ, ವೈಫೈ ಡಬ್ಬ ಎಲ್ಲಿದೆ?"

"ಭದ್ರವಾಗಿದೆ," ಅಂದರು ಮೇಡಂ, ಹೆಮ್ಮೆಯಿಂದ.

ಅವರ ಕೋಣೆಯ ಉಕ್ಕಿನ ಬೀರು. ಪಕ್ಕದಲ್ಲೊಂದು ತೂತು, ಅದರೊಳಗೆ ವೈರು. ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ, ಬಟ್ಟೆಗೆ ಕೆಂಪು ಅರಗಿನ ಮುದ್ರೆ.

"ಒಳಗಿಟ್ಟಿದೀರಾ? ಉಕ್ಕಿನ ಬೀರೂಲಿ ಸಿಗ್ನಲ್ ಹೊರಗೆ ಹೇಗೆ ಬರುತ್ತೆ ಮೇಡಂ?"

"ಡಬ್ಬ ಹೊರಗಿದ್ರೆ ಡಬ್ಬಾನೇ ಹೊರಗೆ ಹೋಗುತ್ತಲ್ಲ! ಕಚೇರಿ ಆದೇಶ ಓದಿ. ಯಂತ್ರ ಕಳೆದ್ರೆ ಮುಖ್ಯಸ್ಥರೇ ಹೊಣೆ. ಬೀಗ ಹಾಕಿ ಸೀಲ್ ಮಾಡಬೇಕು. ಸಾಹೇಬರ ಎದುರಿಗೇ ಒಡೀಬೇಕು."

"ಸಾಹೇಬರು ಎದುರಿಗೆ ಬರಬೇಕಂದ್ರೆ ಸಿಗ್ನಲ್ ಬರಬೇಕು. ಸಿಗ್ನಲ್ ಬರಬೇಕಂದ್ರೆ ಸೀಲ್ ಒಡೀಬೇಕು."

"ಸೀಲ್ ಮುಟ್ಟಿದ್ರೆ ನನ್ನ ಪೆನ್ಷನ್ ಮುಟ್ಟಿದ ಹಾಗೆ ಮೇಷ್ಟ್ರೇ!"

ಹನ್ನೆರಡಕ್ಕೆ ಹದಿನೈದು ನಿಮಿಷ. ಡ್ರಾಯಿಂಗ್ ಮೇಷ್ಟ್ರು ಬೀರುವನ್ನು ಸುತ್ತಿ ಬಂದರು. ಯಾವ ವಸ್ತುವನ್ನೂ ಒಂದೇ ಕಡೆಯಿಂದ ನೋಡಬೇಡಿ ಎಂದು ಹದಿನೆಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠ ಈಗ ತಮಗೇ ಉಪಯೋಗಕ್ಕೆ ಬಂತು. ಬೀರುವಿನ ಹಿಂಬದಿಯ ತಗಡಿಗೆ ಹನ್ನೆರಡು ಸ್ಕ್ರೂ ಇದ್ದವು. ಸೀಲ್ ಇರಲಿಲ್ಲ.

"ಮೇಡಂ, ಆದೇಶದಲ್ಲಿ ಬೆನ್ನಿನ ಮಾತು ಏನಾದ್ರೂ ಇದೆಯಾ?"

ಮೇಡಂ ಆದೇಶವನ್ನು ಎರಡು ಸಲ ಓದಿದರು. "ಇಲ್ಲ. ಬರೀ ಬಾಗಿಲು."

ಡ್ರಿಲ್ ಮೇಷ್ಟ್ರು ಬೀರುವನ್ನು ತಬ್ಬಿ ತಿರುಗಿಸಿದರು. ಗಣಿತದ ಮೇಷ್ಟ್ರು ಸ್ಕ್ರೂ ಎಣಿಸಿದರು. ಬಣ್ಣ ಕಲಸುವ ಚಾಕುವಿನ ತುದಿಯಿಂದ ಡ್ರಾಯಿಂಗ್ ಮೇಷ್ಟ್ರು ಒಂದೊಂದನ್ನೇ ತಿರುಪಿದರು. ಹನ್ನೆರಡನೆಯ ಸ್ಕ್ರೂ ಬಿದ್ದಾಗ ಗಂಟೆ ಸರಿಯಾಗಿ ಹನ್ನೆರಡು. ತಗಡು ಧಡಾರನೆ ಕಳಚಿತು, ಹಾಲಿನಿಂದ "ಬಂತು! ಬಂತು!" ಎಂಬ ಕೂಗು ಎದ್ದಿತು.

ಎಲ್ಲರೂ ಹಾಲಿಗೆ ಓಡಿ ಬರುವಷ್ಟರಲ್ಲಿ ಪರದೆಯ ಮೇಲೆ ಸಾಹೇಬರು ಮೂಡಿದ್ದರು. ಅವರ ಹಿಂದಿನ ಗೋಡೆಯಲ್ಲಿ ಅರವತ್ತೊಂದು ಚೌಕಗಳು, ಅದರಲ್ಲಿ ಅರವತ್ತು ಕಪ್ಪು.

"ನೀವೊಬ್ಬರೇನಾ?" ಅಂದರು ಸಾಹೇಬರು, ಮುಳುಗುವವರಿಗೆ ಹಲಗೆ ಸಿಕ್ಕ ದನಿಯಲ್ಲಿ. "ಮೂರು ವ್ಯಾನು ಇಂಜಿನಿಯರು ಕಳಿಸಿದೀನಿ, ಒಬ್ಬನಿಗೂ ಗೊತ್ತಾಗ್ತಿಲ್ಲ. ನೀವು ಏನು ಮಾಡಿದ್ರಿ?"

"ಬೀರುವಿನ ಬೆನ್ನು ಬಿಚ್ಚಿದ್ವಿ ಸಾರ್. ಸೀಲ್ ಹಾಗೇ ಇದೆ."

"ಡಬ್ಬಾನ ಬೀರೂಲಿಡಿ ಅಂತ ಯಾವ ಮೂರ್ಖ ಹೇಳಿದ್ದು?"

ಮೇಡಂ ಆದೇಶವನ್ನು ಪರದೆಗೆ ಹಿಡಿದರು. ಸಹಿ ಸ್ಪಷ್ಟವಾಗಿತ್ತು. ಸಾಹೇಬರು ಕೆಮ್ಮಿದರು. "ಅದು... ನಿಮ್ಮ ಬುದ್ಧಿ ಪರೀಕ್ಷೆ ಮಾಡೋಕೆ ಅಂತಲೇ ಹಾಕಿದ್ದು. ನೀವೊಬ್ಬರೇ ಪಾಸು!"

ಕಚೇರಿಯಿಂದ ಅರವತ್ತು ಶಾಲೆಗಳಿಗೂ ಫೋನು ಹೋಯಿತು: ಬೆನ್ನು ಬಿಚ್ಚಿ! ಸಾಯಂಕಾಲ ದೀಪ ಹಚ್ಚಿದ ಬೀದಿಯಂತೆ ಒಂದೊಂದೇ ಚೌಕ ಬೆಳಗತೊಡಗಿತು. ಐವತ್ತಾಯಿತು, ಅರವತ್ತಾಯಿತು. ಹಾಲಿನಲ್ಲಿ ಮಕ್ಕಳು ಬೆಂಚು ಬಡಿದು ಕುಣಿದರು. ಡ್ರಿಲ್ ಮೇಷ್ಟ್ರೂ ಗಣಿತದ ಮೇಷ್ಟ್ರೂ ಡ್ರಾಯಿಂಗ್ ಮೇಷ್ಟ್ರನ್ನು ಹೆಗಲ ಮೇಲೆ ಎತ್ತಿಕೊಂಡರು. ಕೊನೆಯ ಚೌಕ ಬೆಳಗಿತು. ಅದರ ಮುಂದಿನ ಸಾಲಿನಲ್ಲಿ ಎರಡು ಜಡೆ ಚಂಗನೆ ನೆಗೆದವು.

"ಅಪ್ಪಾ! ನಿಂಗೆ ಕಣ್ಣು ಬಿಡಕ್ಕೂ ಬರುತ್ತಾ?"

ಅರವತ್ತೊಂದು ಶಾಲೆ ಘೊಳ್ಳೆಂದಿತು. ಮೇಷ್ಟ್ರು ಹೆಗಲ ಮೇಲಿಂದಲೇ ಕೈ ಬೀಸಿದರು.

"ನಿಮ್ಮ ಮಗಳಾ? ಭೇಷ್! ಕೇಳಿ ಮೇಷ್ಟ್ರೇ, ಏನು ಬೇಕು?"

"ಸಾರ್, ಅದೇ ಶಾಲೆಗೆ ಟ್ರಾನ್ಸ್‌ಫರ್. ಇಲ್ಲಿಂದ ಮನೆ ತುಂಬಾ ದೂರ."

"ದೂರಾನಾ?" ಸಾಹೇಬರು ನಕ್ಕರು. ಆ ನಗು ಅರವತ್ತೊಂದು ಗೋಡೆಗಳ ಮೇಲೆ ಅರಳಿತು. "ನಿಮ್ಮ ಮಗಳು ನಿಮ್ಮೆದುರಿಗೇ ಇದಾಳಲ್ರೀ! ದೂರ ಅನ್ನೋದನ್ನೇ ನೀವು ಇವತ್ತು ತೆಗೆದುಹಾಕಿದೀರಿ. ದಿನಾ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಮಾತಾಡಿ, ಅನುಮತಿ ಕೊಟ್ಟಿದೀನಿ. ರೀ ಗುಮಾಸ್ತರೇ, ಬರ್ಕೊಳ್ಳಿ: ಇಂದಿನಿಂದ ಜಿಲ್ಲೆಯಲ್ಲಿ ದೂರ ಇಲ್ಲ. ದೂರದ ಕಾರಣಕ್ಕೆ ಬಂದಿರೋ ಎಲ್ಲಾ ಟ್ರಾನ್ಸ್‌ಫರ್ ಅರ್ಜಿ ವಜಾ."

ಅರವತ್ತೊಂದು ಶಾಲೆಗಳ ಮೇಷ್ಟ್ರುಗಳ ನಗು ನಿಂತಿತು. ಗಣಿತದ ಮೇಷ್ಟ್ರು ಡ್ರಿಲ್ ಮೇಷ್ಟ್ರ ಮುಖ ನೋಡಿದರು. ಇಬ್ಬರೂ ಹೆಗಲ ಮೇಲಿದ್ದವರನ್ನು ಕೆಳಗಿಳಿಸಿದರು. ಇಳಿಸಿದರು ಅನ್ನುವುದು ಮರ್ಯಾದೆಯ ಮಾತು.

ಮೇಷ್ಟ್ರು ಎದ್ದು ಸೊಂಟ ನೀವಿಕೊಳ್ಳುವಷ್ಟರಲ್ಲಿ ಕೊನೆಯ ಚೌಕದಲ್ಲಿ ಮಗಳು ಒಂದು ಹಾಳೆ ಎತ್ತಿ ಹಿಡಿದಿದ್ದಳು. ಆಗಷ್ಟೇ ಬಿಡಿಸಿದ ಚಿತ್ರ. ಹೊದಿಕೆ ಇಲ್ಲ, ಪಾದ ಇಲ್ಲ. ಅಪ್ಪನ ಮುಖ, ಎರಡು ದೊಡ್ಡ ಕಣ್ಣು, ಕಿವಿಯವರೆಗೂ ನಗು. ಸುತ್ತ ಸ್ಕೇಲ್ ಹಿಡಿದು ಎಳೆದ ನಾಲ್ಕು ಗೆರೆ.

"ಚೆನ್ನಾಗಿದೆ ಮರಿ. ಸುತ್ತ ಗೆರೆ ಯಾಕೆ?"

"ಇನ್ಮೇಲೆ ನೀನು ಇದರೊಳಗೇ ತಾನೆ ಇರ್ತೀಯ?"