ಐದನೆಯ ಮನೆ

ಎಲ್ಲಕ್ಕೂ ಕಾರಣ ಪಾಠದ ಪುಸ್ತಕದ ನೂರಾ ಹದಿನೆಂಟನೆಯ ಪುಟದಲ್ಲಿದ್ದ ಒಂದು ಚೌಕ. ಅದರೊಳಗೆ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಪ್ರಿಯ ವಿದ್ಯಾರ್ಥಿ, ಈಗ ಪುಸ್ತಕ ಮುಚ್ಚಿ. ಯಾವುದಾದರೂ ಒಂದು ಕಟ್ಟಡದ ಐದು ಮನೆಗಳ ಬಾಗಿಲು ತಟ್ಟಿ.'

ಪ್ರಿಯ ವಿದ್ಯಾರ್ಥಿಗೆ ಆಗ ನಲವತ್ತೇಳು ವರ್ಷ. ಅವನನ್ನು ಈ ಭೂಮಿಯ ಮೇಲೆ 'ಪ್ರಿಯ' ಎಂದು ಕರೆಯುತ್ತಿದ್ದದ್ದು ದೂರಶಿಕ್ಷಣದ ಪುಸ್ತಕಗಳು ಮಾತ್ರ. ಆದ್ದರಿಂದ ಅವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. 'ಒಂದು ನಿಮಿಷ ಕಣ್ಣು ಮುಚ್ಚಿ ಯೋಚಿಸಿ' ಎಂದರೆ ಅಲಾರಾಂ ಇಟ್ಟುಕೊಂಡು ಯೋಚಿಸುತ್ತಿದ್ದ. 'ಸಹಪಾಠಿಯೊಡನೆ ಚರ್ಚಿಸಿ' ಎಂದಾಗ ಮಾತ್ರ ಪೇಚಾಟಕ್ಕಿಟ್ಟುಕೊಳ್ಳುತ್ತಿತ್ತು. ಐದು ವರ್ಷದಲ್ಲಿ ಒಬ್ಬ ಸಹಪಾಠಿಯ ಮುಖವನ್ನೂ ಅವನು ಕಂಡಿರಲಿಲ್ಲ. ಕೊನೆಗೆ ಕನ್ನಡಿಯ ಮುಂದೆ ನಿಂತು ಚರ್ಚಿಸುತ್ತಿದ್ದ, ಸಾಮಾನ್ಯವಾಗಿ ಸೋಲುತ್ತಿದ್ದ.

ಅವನ ಕೆಲಸ ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ, ರಾತ್ರಿ ಪಾಳಿ. ಗಂಟೆಗೊಮ್ಮೆ ಹನ್ನೆರಡು ಕೋಣೆಗಳ ಉಷ್ಣಾಂಶ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಲ್ಲಿ ಅವನ ಜೊತೆಗಿದ್ದದ್ದು ನಾನೂರು ಟನ್ ಆಲೂಗಡ್ಡೆ. ಹನ್ನೊಂದು ವರ್ಷ ಆಲೂಗಡ್ಡೆಗಳ ಜೊತೆ ಕಳೆದವನಿಗೆ ಒಂದೇ ಒಂದು ಆಸೆ: ಹಗಲು ಪಾಳಿ. ಹಗಲಿನಲ್ಲಿ ಲಾರಿ ಡ್ರೈವರುಗಳು ಬರುತ್ತಾರೆ, ಹಮಾಲರು ಬೈದಾಡುತ್ತಾರೆ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಆದರೆ ಹಗಲು ಪಾಳಿಯ ಮೇಲ್ವಿಚಾರಕನಾಗಲು ಪದವಿ ಬೇಕು. ಸಮಾಜಶಾಸ್ತ್ರದ ಪದವಿಯಾದರೂ ಅಡ್ಡಿಯಿಲ್ಲ, ಆಲೂಗಡ್ಡೆಗೆ ಅದೇನು ಗೊತ್ತಾಗುತ್ತದೆ ಎಂದು ಮ್ಯಾನೇಜರು ಹೇಳಿದ್ದರು.

ಉಳಿದಿದ್ದದ್ದು ಒಂದು ಪ್ರಾಜೆಕ್ಟು. ವಿಷಯ: 'ನಗರದಲ್ಲಿ ಒಂಟಿತನ: ಒಂದು ಕ್ಷೇತ್ರ ಅಧ್ಯಯನ.' ಐದು ಮನೆ, ಐದು ಸಹಿ. ಬಾಗಿಲು ತಟ್ಟುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟವಾದ್ದರಿಂದ ಮೂರು ತಿಂಗಳು ಮುಂದೂಡಿ ಮುಂದೂಡಿ, ಅಂದು ಭಾನುವಾರ, ಸಂಜೆ ಐದಕ್ಕೆ ಒಪ್ಪಿಸಬೇಕಾದ ಕೊನೆಯ ದಿನವೇ ಬಂದು ನಿಂತಿತ್ತು. ಅವನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ತನ್ನ ಕೋಣೆಯಿದ್ದ ಕಟ್ಟಡವನ್ನೇ ಆರಿಸಿಕೊಂಡ. ಯಾರನ್ನೂ ಕೇಳದೆ ಗೇಟು ತೆಗೆಯುವ ಹಕ್ಕು ಅವನಿಗೆ ಇದ್ದದ್ದು ಅದೊಂದಕ್ಕೇ.

ಕಟ್ಟಡದವರೆಲ್ಲ ಅವನಿಗೆ ಗೊತ್ತಿದ್ದರು, ಶಬ್ದದಿಂದ. ಹಗಲೆಲ್ಲ ಮಲಗುವವನಿಗೆ ನೆಲದ ಮೂಲಕ ಎಲ್ಲವೂ ಕೇಳಿಸುತ್ತಿತ್ತು. ನೆಲಮಹಡಿಯ ಟೈಲರಮ್ಮನ ಮಿಷನ್ನು ಹತ್ತಕ್ಕೆ ಶುರುವಾದರೆ ಅವನಿಗೆ ನಿದ್ದೆ ಹತ್ತುತ್ತಿತ್ತು. ಮಿಷನ್ನು ನಿಂತ ದಿನ ಅವರಿಗೆ ಜ್ವರವೋ ಏನೋ ಎಂದು ಹೊರಳಾಡುತ್ತಿದ್ದ.

ಮೊದಲು ಅವರ ಬಾಗಿಲನ್ನೇ ತಟ್ಟಿದ. ಅಳತೆಯ ಟೇಪನ್ನು ಹಾವಿನಂತೆ ಕೊರಳಿಗೆ ಸುತ್ತಿಕೊಂಡ ಟೈಲರಮ್ಮ ಅವನನ್ನು ಮೇಲಿಂದ ಕೆಳಗೆ ಅಳೆದರು.

"ಯಾರು ಬೇಕಿತ್ತು?"

"ನಾನು... ಇಲ್ಲೇ..."

"ಸರ್ವೆನಾ? ನೀರಿಂದಾ, ಮನೆಕಂದಾಯದ್ದಾ?"

"ಒಂಟಿತನದ್ದು," ಎಂದ ಅವನು.

"ಅದಕ್ಕೂ ಟ್ಯಾಕ್ಸ್ ಹಾಕ್ತಾರಾ ಇನ್ನು?"

ಅಲ್ಲವೆಂದು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಅವನು ಮೊದಲ ಪ್ರಶ್ನೆ ಓದಿದ: "ನಿಮ್ಮ ಕಟ್ಟಡದಲ್ಲಿ ಒಂಟಿಯಾಗಿ ಬಾಳುವವರು ಯಾರಾದರೂ ಇದ್ದಾರೆಯೇ?"

ಈ ಪ್ರಶ್ನೆಗೆ ಬರುವ ಉತ್ತರ ಅವನಿಗೆ ಗೊತ್ತಿತ್ತು. 'ನೀವೇ ಅಲ್ವಾ' ಎಂದು ಅವರು ನಗುತ್ತಾರೆ, ತಾನೂ ನಗಬೇಕು ಎಂದು ಕನ್ನಡಿಯ ಮುಂದೆ ಆ ನಗುವನ್ನು ಅಭ್ಯಾಸ ಮಾಡಿಯೂ ಬಂದಿದ್ದ.

"ಇದಾನಲ್ಲ ಒಬ್ಬ, ಮೇಲಿನ ಕೋಣೇಲಿ!" ಟೈಲರಮ್ಮ ದನಿ ತಗ್ಗಿಸಿದರು. "ಕೋಟಿನವನು. ಬೇಸಿಗೇಲೂ ಮಂಡಿತನಕ ಉಣ್ಣೆ ಕೋಟು, ಮುಖಾನೇ ಕಾಣ್ದಂಗೆ ಟೋಪಿ. ಬೆಳಗಿನ ಜಾವ ಬರ್ತಾನೆ. ಒಬ್ಬರನ್ನೂ ತಲೆಯೆತ್ತಿ ನೋಡಲ್ಲ. ಏನೋ ದೊಡ್ಡ ತಪ್ಪು ಮಾಡಿ ಅಡಗಿಕೊಂಡಿದಾನೆ ಅಂತ ನನ್ನ ಅಂದಾಜು."

ಅಭ್ಯಾಸ ಮಾಡಿದ್ದ ನಗು ಅವನ ಮುಖದ ಮೇಲೆ ಹೊಲಿಗೆ ಬಿಟ್ಟ ಜೇಬಿನಂತೆ ಜೋತುಬಿತ್ತು. ಈಗಲೇ ಹೇಳಿಬಿಡಬೇಕು ಎಂದುಕೊಂಡ. ಆದರೆ ನೂರಾ ಹತ್ತೊಂಬತ್ತನೆಯ ಪುಟದಲ್ಲಿ ಇನ್ನೊಂದು ಚೌಕವಿತ್ತು: 'ಸಂದರ್ಶಕನು ಉತ್ತರ ಕೊಡುವವರನ್ನು ಮುಜುಗರಕ್ಕೆ ಗುರಿಮಾಡಬಾರದು.' ಅವನು ಬರೆದುಕೊಂಡ. ಅವರು ಸಹಿ ಹಾಕಿದರು. ಹಾಕಿ, ಬಾಗಿಲೆಳೆದುಕೊಂಡು ಅವನ ಜೊತೆಗೇ ಹೊರಟರು.

"ನೀವೊಬ್ಬರೇ ಹೋದ್ರೆ ಪೋಸ್ಟ್‌ಮಾಸ್ಟರು ಬಾಯಿ ಬಿಡಲ್ಲ. ನಡೀರಿ, ನಾನು ಹೇಳಿಸ್ತೀನಿ."

ಮೊದಲ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರು ಬಾಯಿ ಬಿಟ್ಟದ್ದಷ್ಟೇ ಅಲ್ಲ, ಮುಚ್ಚಲೇ ಇಲ್ಲ. "ಆ ಮನುಷ್ಯನಿಗೆ ಹನ್ನೊಂದು ವರ್ಷದಲ್ಲಿ ಒಂದು ಕಾಗದ ಬಂದಿಲ್ಲ ಸಾರ್. ಒಂದು ಶುಭಾಶಯದ ಕಾರ್ಡು ಇಲ್ಲ. ಈ ಐದು ವರ್ಷದಿಂದ ಮಾತ್ರ ಆಗಾಗ ಕಂದು ಬಣ್ಣದ ದಪ್ಪ ಕವರು ಬರ್ತಾ ಇದೆ. ಡಬ್ಬೀಲಿ ಹಿಡಿಸಲ್ಲ, ಮೆಟ್ಟಿಲ ಮೇಲೆ ಇಟ್ಟು ಹೋಗ್ತಾರೆ. ನಾನು ಕೈಯಲ್ಲಿ ತೂಗಿ ನೋಡಿದೀನಿ. ಏಳುನೂರು ಗ್ರಾಮು!"

"ಪುಸ್ತಕ ಇರಬಹುದಲ್ಲ?" ಎಂದ ಅವನು ಮೆಲ್ಲಗೆ.

"ಆ ವಯಸ್ಸಿನವನಿಗೆ ಪುಸ್ತಕ ಯಾಕೆ ಸಾರ್? ಮೂವತ್ತೈದು ವರ್ಷ ಕವರು ಮುಟ್ಟಿದ ಕೈ ಇದು. ಅದು ಪುಸ್ತಕ ಅಲ್ಲ."

ಪೋಸ್ಟ್‌ಮಾಸ್ಟರೂ ಜೊತೆಗೂಡಿದರು. ಎದುರುಮನೆಯಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕುರ್ಚಿಯಲ್ಲಿ ಕೂತಿದ್ದರೂ ಬೇರೆಯವರ ಮಾತು ವೇಗವಾದರೆ ತಮ್ಮ ಕಾಲಿನಿಂದ ಬ್ರೇಕು ಒತ್ತುವ ಅಭ್ಯಾಸ ಅವರದು. "ಒಂದ್ಸಲ ಮೆಟ್ಟಿಲಲ್ಲಿ ಎದುರಾದ," ಎಂದರು ಅವರು. "ನಾನು ಎಡಕ್ಕೆ ಸರಿದೆ, ಅವನೂ ಸರಿದ. ಬಲಕ್ಕೆ ಸರಿದೆ, ಅವನೂ ಸರಿದ. ಆಮೇಲೆ ಹಿಂದಕ್ಕೆ ತಿರುಗಿ ಇಳಿದೇ ಹೋದ. ರಿವರ್ಸಲ್ಲಿ ಹೋಗೋ ಮನುಷ್ಯನ್ನ ನಂಬಬಾರದು."

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಆರು ವರ್ಷದ ಹಿಂದಿನ ಮಾತು. ನಮಸ್ಕಾರ ಹೇಳಬೇಕೆಂದು ಬಾಯಿ ತೆರೆದವನಿಗೆ ಇಡೀ ರಾತ್ರಿ ಮಾತಿಲ್ಲದೆ ಗಂಟಲು ಕಟ್ಟಿಕೊಂಡು ದನಿಯೇ ಹೊರಡದೆ, ನಾಚಿಕೆಯಿಂದ ಬೀದಿಗಿಳಿದು ಅರ್ಧ ಗಂಟೆ ಸುತ್ತಿ ಬಂದಿದ್ದ. ಈಗ ಅದನ್ನೂ ಬರೆದುಕೊಂಡ: 'ಹಿಮ್ಮುಖ ಚಲನೆ.'

ಎರಡನೆಯ ಮಹಡಿಯ ಅಜ್ಜಿಯ ಮನೆ ಸೇರುವಷ್ಟರಲ್ಲಿ ಅದು ಸರ್ವೆಯೋ ಮೆರವಣಿಗೆಯೋ ತಿಳಿಯದಂತಾಗಿತ್ತು.

"ನನ್ನ ತಲೆ ಮೇಲೇ ಇದಾನಪ್ಪಾ," ಎಂದರು ಅಜ್ಜಿ. "ಮಧ್ಯಾಹ್ನ ಒಬ್ಬೊಬ್ಬನೇ ಮಾತಾಡ್ತಾನೆ. ಒಂದು ದನಿ ಪ್ರಶ್ನೆ ಕೇಳುತ್ತೆ, ಇನ್ನೊಂದು ಉತ್ತರ ಹೇಳುತ್ತೆ. ಎರಡೂ ಅವನದೇ."

ಟೈಲರಮ್ಮ ಟೇಪನ್ನು ಬಿಗಿಯಾಗಿ ಹಿಡಿದುಕೊಂಡರು.

"ಅವನ ಜೊತೆ ಕೊನೆಯ ಬಾರಿ ಮಾತನಾಡಿದ್ದು ಯಾವಾಗ?" ಅವನು ಪ್ರಶ್ನೆಪತ್ರ ನೋಡಿಕೊಂಡೇ ಕೇಳಿದ.

"ಅಂಥವನ ಜೊತೆ ಯಾರಪ್ಪ ಮಾತಾಡ್ತಾರೆ?"

ನಾಲ್ಕು ಸಹಿಗಳಾದವು. ಐದನೆಯ ಮನೆ ಯಾವುದೆಂದು ಅವನು ಯೋಚಿಸಿರಲಿಲ್ಲ, ಪೋಸ್ಟ್‌ಮಾಸ್ಟರು ಯೋಚಿಸಿದ್ದರು. "ಉಳಿದದ್ದು ಅವನದೇ. ಬನ್ನಿ, ನೇರವಾಗಿ ಅವನನ್ನೇ ಕೇಳಿಬಿಡೋಣ. ಸರ್ಕಾರದ ಕಾಗದ ಕೈಲಿದೆ, ಏನು ಮಾಡ್ತಾನೆ?"

"ಅವರು ಮಲಗಿರಬಹುದು," ಎಂದು ಅವನು ಅಂಗಲಾಚಿದ.

"ಏಳಿಸೋಣ!"

ಹೀಗಾಗಿ ಮಧ್ಯಾಹ್ನ ಎರಡು ಗಂಟೆಗೆ ಆ ಮನುಷ್ಯ ನಾಲ್ವರು ನೆರೆಯವರ ಸಮೇತ ತನ್ನದೇ ಬಾಗಿಲ ಮುಂದೆ ನಿಂತ. ಹನ್ನೊಂದು ವರ್ಷದಲ್ಲಿ ಆ ಬಾಗಿಲಿಗೆ ಬಂದ ಮೊದಲ ಅತಿಥಿಗಳು. ಒಳಗೆ ಕರೆದು ಕೂರಿಸಲು ಒಂದೇ ಕುರ್ಚಿಯಿದೆಯಲ್ಲ ಎಂದು ಅಷ್ಟು ಗಾಬರಿಯಲ್ಲೂ ಅವನಿಗೆ ಚಿಂತೆಯಾಯಿತು.

"ತಟ್ಟಿ ಸಾರ್, ಹೆದರಬೇಡಿ, ನಾವಿದೀವಿ," ಎಂದರು ಮೇಷ್ಟ್ರು, ಎರಡು ಮೆಟ್ಟಿಲು ಕೆಳಗಿನಿಂದ.

ಅವನು ತಟ್ಟಿದ. ಯಾರೂ ತೆಗೆಯಲಿಲ್ಲ. ಅವನಿಗೇನೂ ಆಶ್ಚರ್ಯವಾಗಲಿಲ್ಲ.

"ಬೀಗ ಹಾಕಿದೆಯಲ್ಲ," ಎಂದರು ಟೈಲರಮ್ಮ.

ಪೋಸ್ಟ್‌ಮಾಸ್ಟರು ಬಾಗಿಲಿಗೆ ಕಿವಿಯಿಟ್ಟರು. "ಶ್! ಒಳಗೆ ಫ್ಯಾನು ಓಡ್ತಾ ಇದೆ! ಹೊರಗಿಂದ ಬೀಗ ಹಾಕ್ಕೊಂಡು ಒಳಗೆ ಕೂತಿದಾನೆ. ಎಂಥ ತಲೆ ನೋಡಿ!"

ಅವಸರದಲ್ಲಿ ಫ್ಯಾನು ಆರಿಸುವುದನ್ನು ಮರೆತದ್ದು ಅವನಿಗೆ ಆಗ ಹೊಳೆಯಿತು. ಹೊರಗಿನ ಬೀಗವನ್ನು ಒಳಗಿನವನು ಹೇಗೆ ಹಾಕಿಕೊಂಡ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಐದನೆಯ ಹಾಳೆಯಲ್ಲಿ 'ಉತ್ತರಿಸಲು ನಿರಾಕರಿಸಿದರು' ಎಂದು ಪೋಸ್ಟ್‌ಮಾಸ್ಟರು ಹೇಳಿ ಬರೆಸಿದರು. ನಾಲ್ವರೂ ಸಾಕ್ಷಿ ಹಾಕಿದರು.

ಅಧ್ಯಯನ ಕೇಂದ್ರವೆಂದರೆ ಭಾನುವಾರ ಖಾಲಿಯಿರುವ ಒಂದು ಪ್ರಾಥಮಿಕ ಶಾಲೆ. ಮಕ್ಕಳ ಬೆಂಚಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದ ಮಾರ್ಗದರ್ಶಕರು ಬಿಸ್ಕತ್ತು ತಿನ್ನುತ್ತ ಹಾಳೆ ತಿರುವಿದರು. ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಕನ್ನಡಕ ತೆಗೆದರು.

"ಬರವಣಿಗೆ ಸೊಗಸಾಗಿದೆ ಕಣ್ರೀ. ಆದರೆ ಇದು ಕತೆ. ಮನೇಲಿ ಕೂತು ಕಟ್ಟಿದ್ದೀರಿ. ಒಂದೇ ಕಟ್ಟಡದಲ್ಲಿ ಹನ್ನೊಂದು ವರ್ಷ ಇದ್ದವನ ಮುಖ ಒಬ್ಬರಿಗೂ ಗೊತ್ತಿಲ್ಲ ಅಂದ್ರೆ ನಂಬ್ತಾರಾ? ಇಂಥ ಮನುಷ್ಯ ಎಲ್ಲೂ ಇರೋದಿಲ್ಲ."

"ಇದಾನೆ ಸಾರ್."

"ನೀವು ನೋಡಿದೀರಾ?"

"ಕನ್ನಡಿಯಲ್ಲಿ ನೋಡ್ತೀನಿ ಸಾರ್. ನಾನೇ ಅವನು."

ಮಾರ್ಗದರ್ಶಕರು ಬಿಸ್ಕತ್ತನ್ನು ಅರ್ಧಕ್ಕೇ ಬಿಟ್ಟು ಅವನ ಗುರುತಿನ ಚೀಟಿಯ ವಿಳಾಸವನ್ನು ನೋಡಿದರು, ಹಾಳೆ ನೋಡಿದರು, ಅವನನ್ನು ನೋಡಿದರು. ಒಬ್ಬರಾದರೂ ನಂಬಿದರಲ್ಲ ಎಂದು ಅವನು ಹಿಗ್ಗಿದ.

"ಹಾಗಾದ್ರೆ ಇನ್ನೂ ಕಷ್ಟ," ಎಂದರು ಅವರು ನಿಜವಾದ ಮರುಕದಿಂದ. "ಸುಳ್ಳಾಗಿದ್ರೆ ಕಲ್ಪನೆ ಅಂತ ಸೊನ್ನೆ. ನಿಜ ಆದ್ರೆ, ಸಂಶೋಧಕ ತನ್ನನ್ನೇ ಸಂಶೋಧನೆ ಮಾಡ್ಕೊಂಡ ಹಾಗಾಯ್ತು. ನಾಲ್ಕನೇ ಪಾಠದಲ್ಲೇ ಇದೆ, ಅದಕ್ಕೂ ಸೊನ್ನೆ. ಒಂದು ಕೆಲಸ ಮಾಡಿ. ನನ್ನ ಜವಾಬ್ದಾರಿ ಮೇಲೆ ಒಂದು ವಾರ ಕೊಡ್ತೀನಿ. ನಿಮ್ಮ ಪರಿಚಯ ಯಾರಿಗೂ ಇಲ್ಲದ ಕಟ್ಟಡಕ್ಕೆ ಹೋಗಿ ಮೊದಲಿಂದ ಮಾಡ್ಕೊಂಡು ಬನ್ನಿ."

ಅವನು ಹೊಸ ನಮೂನೆ ಹಿಡಿದು ಹೊರಬಂದ. ಪರಿಚಯ ಯಾರಿಗೂ ಇಲ್ಲದ ಕಟ್ಟಡ ಬೆಳಿಗ್ಗೆ ತನಕ ಒಂದಿತ್ತು.

ಸಂಜೆ ಆರಕ್ಕೆ ಗೇಟು ತೆಗೆದಾಗ ಮೆಟ್ಟಿಲ ಬುಡದಲ್ಲಿ ನಾಲ್ಕು ಕುರ್ಚಿ ಹಾಕಿಕೊಂಡು ನಾಲ್ವರೂ ಕೂತಿದ್ದರು. ಅವನನ್ನು ಕಂಡದ್ದೇ ಟೈಲರಮ್ಮನ ಮುಖ ಅರಳಿತು. "ಬಂದ್ರಾ ಸರ್ವೆ ಸಾರ್! ಮೇಷ್ಟ್ರೇ, ಇನ್ನೊಂದು ಕುರ್ಚಿ ತನ್ನಿ. ನಿಮಗೂ ಟೀ ಹಾಕ್ತೀನಿ."

"ಇಲ್ಲಿ ಏನು ನಡೀತಿದೆ?"

"ನೀವು ಹೋದ ಮೇಲೆ ನಮಗೇ ಒಂಥರಾ ಆಯ್ತು ಸಾರ್," ಎಂದರು ಪೋಸ್ಟ್‌ಮಾಸ್ಟರು. "ಯಾವಾಗ ಮಾತಾಡಿಸಿದ್ರಿ ಅಂತ ಕೇಳಿದ್ರಲ್ಲ, ಆ ಪ್ರಶ್ನೆ ಚುಚ್ಚಿಬಿಡ್ತು. ಎಷ್ಟಾದರೂ ಮನುಷ್ಯ ತಾನೇ? ಇವತ್ತು ಅವನು ಇಳೀಲಿ, ಏರಲಿ, ಮಾತಾಡಿಸಿಯೇ ತೀರೋದು ಅಂತ ಕೂತಿದೀವಿ."

"ಬಿಸ್ಕತ್ತು ಅವನಿಗೇ ಅಂತ ತರಿಸಿದೆ," ಎಂದರು ಅಜ್ಜಿ. "ನೀನೂ ಒಂದು ತಗೋಪ್ಪ."

ಅವನು ಬಿಸ್ಕತ್ತು ತೆಗೆದುಕೊಂಡ. ಕುರ್ಚಿಯ ತುದಿಯಲ್ಲಿ ಕೂತು, ಎಲ್ಲ ಧೈರ್ಯವನ್ನೂ ಒಟ್ಟುಗೂಡಿಸಿ ಹೇಳಿಯೇಬಿಟ್ಟ: "ನಾನೇ ಅವನು."

ಮೇಷ್ಟ್ರು ನೆಲಕ್ಕೆ ಬ್ರೇಕು ಒತ್ತಿ ಒತ್ತಿ ನಕ್ಕರು. ಪೋಸ್ಟ್‌ಮಾಸ್ಟರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಟೈಲರಮ್ಮ ಅವನ ಭುಜ ತಟ್ಟಿದರು. "ಎಷ್ಟು ಚೆನ್ನಾಗಿ ತಮಾಷೆ ಮಾಡ್ತೀರಪ್ಪಾ! ನೀವೆಲ್ಲಿ, ಅವನೆಲ್ಲಿ! ನಿಮ್ಮಂಥೋರು ಆ ಕೋಣೇಲಿ ಇದ್ದಿದ್ರೆ ನಾವು ಹನ್ನೊಂದು ವರ್ಷ ಸುಮ್ಮನಿರ್ತಿದ್ವಾ?"

ಬೀಗದ ಕೈ ತೆಗೆದು ತೋರಿಸಿದರೆ ಆಯಿತು. ತೋರಿಸಿದರೆ ನಾಲ್ವರ ನಗುವೂ ಅಲ್ಲೇ ನಿಲ್ಲುತ್ತದೆ. ಬೆಳಗಿನಿಂದ ಆಡಿದ್ದೆಲ್ಲ ನೆನಪಾಗಿ, ಕುರ್ಚಿಗಳು ಒಂದೊಂದಾಗಿ ಒಳಗೆ ಹೋಗುತ್ತವೆ. ಅವನು ಟೀ ಕುಡಿದ. ಅವರೊಡನೆ ನಕ್ಕ. ಅಭ್ಯಾಸವಿಲ್ಲದ ನಗುವಾದ್ದರಿಂದ ದವಡೆ ನೋಯಿತು.

ಏಳಾಯಿತು. ಎಂಟಕ್ಕೆ ಪಾಳಿ. ಅಲ್ಲಿನ ಚಳಿಗೆ ಬೇಕಾದ ಕೋಟು ಮೇಲಿನ ಕೋಣೆಯಲ್ಲಿ, ಮೆಟ್ಟಿಲಿಗೆ ಅಡ್ಡಲಾಗಿ ನಾಲ್ಕು ಕುರ್ಚಿ. ಮೇಲಿನಿಂದ ಯಾರೂ ಇಳಿಯಲಿಲ್ಲ, ಬೀದಿಯಿಂದ ಯಾರೂ ಬರಲಿಲ್ಲ. ಅಜ್ಜಿ ಎರಡು ಬಾರಿ ತೂಕಡಿಸಿ ಎದ್ದರು.

"ನೋಡಿದ್ರಾ?" ಟೈಲರಮ್ಮ ಖಾಲಿ ಲೋಟಗಳನ್ನು ಜೋಡಿಸುತ್ತ ನಿಟ್ಟುಸಿರಿಟ್ಟರು. "ನಾವಾಗೇ ಕರೆದು ಕೂರಿಸ್ಕೊಳ್ಳೋಣ ಅಂತ ಕಾದರೂ ಬರಲ್ಲ. ಕೆಲವರಿಗೆ ಜನವೇ ಬೇಡ ಸಾರ್. ಬರ್ಕೊಳ್ಳಿ."

ಅವನು ಹೊಸ ನಮೂನೆ ಬಿಡಿಸಿ, ತೊಡೆಯ ಮೇಲಿಟ್ಟುಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡ.