ಬೋಲ್ಟುವಿನ ಕುಡಿಕೆ

ಪೀಣ್ಯದ ಕಡೆಯಿಂದ ಮೊದಲ ಪಾಳಿಯ ಸೈರನ್ ಕೂಗಿತು. ಅದು ನಿಲ್ಲುವ ಮೊದಲೇ ಹಿತ್ತಿಲಿನಿಂದ ಮನೆ ಒಡತಿ ವೆಂಕಟಮ್ಮ, ಅಷ್ಟೇ ಉದ್ದವಾಗಿ, ಕೂಗಿದಳು.

"ಸೂಪ್ರವೈಜರ್ರೇ! ನಿಮ್ಮ ನಾಯಿ ನನ್ನ ದಂಟಿನ ಮಡೀಲಿ ಏನಿಕ್ಕೈತೆ ನೋಡ್ಬನ್ನಿ!"

ದ್ವಾರಕಾನಾಥನಿಗೆ ನೋಡದೆಯೂ ಗೊತ್ತಿತ್ತು. ಬಾಯಲ್ಲಿದ್ದ ಕಾಫಿಯನ್ನು ನುಂಗಲಾರದೆ ನುಂಗಿ ಹೊರಗೆ ಬಂದ. ಅಪರಾಧಿ ಬೋಲ್ಟು ಬಾವಿಕಟ್ಟೆಯ ಪಕ್ಕ ಕುಳಿತು, ತನಗೂ ಈ ಲೋಕದ ವ್ಯವಹಾರಕ್ಕೂ ಸಂಬಂಧವೇ ಇಲ್ಲವೆಂಬಂತೆ ಆಕಾಶ ನೋಡುತ್ತಿತ್ತು.

"ಇನ್ನೊಂದು ಕಿತ ಇಂಗಾದ್ರೆ ನಾಯೀನಾರ ಕಳ್ಸಿ, ಇಲ್ಲ ನೀವಾರ ಎದ್ದೋಗಿ. ಎರಡೂ ಆಗಾಕಿಲ್ಲ ಅಂದ್ರೆ ಸಾಮಾನು ನಾನೇ ಬೀದಿಗಿಕ್ತೀನಿ!"

ಪೀಣ್ಯದ ಸುತ್ತ ಕಾರ್ಖಾನೆಗಳು ಎದ್ದಷ್ಟು ಬೇಗ ಮನೆಗಳು ಎದ್ದಿರಲಿಲ್ಲ. ಎರಡು ಕೋಣೆ, ಸೇದುವ ಬಾವಿ, ಅಡಿಗೆಮನೆಯ ಕಿಟಕಿಯಿಂದ ಒಳಗೆ ಬಂದು ಕೂರುವ ಬೆಳಗಿನ ಬಿಸಿಲು. ಇಂಥ ಮನೆಯನ್ನು ಹೆಂಡತಿ ಊರ್ಮಿಳಾ ಬೀದಿ ಬೀದಿ ಅಲೆದು ಹುಡುಕಿದ್ದಳು. ಬೋಲ್ಟುವನ್ನಂತೂ ಹುಡುಕುವ ಶ್ರಮವೇ ಇರಲಿಲ್ಲ. ಅದೇ ಅವರನ್ನು ಹುಡುಕಿಕೊಂಡು ಬಂದಿತ್ತು. ಎರಡನ್ನೂ ಬಿಡುವ ಹಾಗಿರಲಿಲ್ಲ.

"ನೀನು ಯೋಚ್ನೆ ಮಾಡ್ಬೇಡ ಕಣೇ," ಎಂದ ದ್ವಾರಕಾನಾಥ ಷರಟಿನ ತೋಳು ಮಡಚುತ್ತ. "ನಮ್ಮ ಕಾರ್ಖಾನೆ ಷಾಪಿನಿಂದ ಲಾರಿಗಟ್ಟಲೆ ಸ್ಕ್ರಾಪು ಹೊರಗೆ ಹೋಗುತ್ತೆ. ಒಂದು ಚೂರು ನೆಲದ ಮೇಲೆ ಬಿದ್ದಿರೋದು ನೋಡಿದೀಯಾ?"

"ನಾನ್ಯಾಕ್ರೀ ನಿಮ್ಮ ಷಾಪಿಗೆ ಬರ್ಲಿ?"

"ಅದೇ ಹೇಳ್ತಿರೋದು. ಸಿಸ್ಟಮ್ ಇರ್ಬೇಕು. ಒಂದು ನಾಯಿಯ ಸ್ಕ್ರಾಪು ನನಗೆ ಯಾವ ಮಹಾ!"

ಊರ್ಮಿಳಾ ಮೂಲೆಯ ತಿಪ್ಪೆಯತ್ತ ಬೆರಳು ತೋರಿಸಿದಳು. ದ್ವಾರಕಾನಾಥ ಬೆಚ್ಚಿಬಿದ್ದ.

"ತಿಪ್ಪೆಗಾ? ಆ ಗೊಬ್ಬರ ಎಲ್ಲಿಗೆ ಹೋಗುತ್ತೆ? ಸೊಪ್ಪಿನ ಮಡಿಗೆ. ಸೊಪ್ಪು ಎಲ್ಲಿಗೆ ಬರುತ್ತೆ? ನಮ್ಮ ಸಾರಿಗೆ! ಸಗಣಿ ಬೇರೆ, ಇದು ಬೇರೆ. ಇದರಲ್ಲಿ ಹುಳ ಇರುತ್ತೆ, ರೋಗ ಇರುತ್ತೆ."

ಮಾತು ನಿಜ. ಅವನ ಮಾತು ಯಾವಾಗಲೂ ನಿಜವೇ. ತೊಂದರೆ ಶುರುವಾಗುತ್ತಿದ್ದುದು ಕೆಲಸದಲ್ಲಿ.

ಬಾವಿಯಿಂದ ದೂರ, ಸೊಪ್ಪಿನಿಂದ ದೂರ, ವೆಂಕಟಮ್ಮನ ಹಿತ್ತಿಲೂ ಅವಳಿಗಾಗದ ಓರಗಿತ್ತಿ ನಾಗಲಕ್ಷ್ಮಮ್ಮನ ಹಿತ್ತಿಲೂ ಕೂಡುವ ಬೇಲಿಯ ಬುಡದಲ್ಲಿ ಗುಂಡಿ ತೋಡಿ ಹೂಳಿದ. ಬೆಳಗಾಗುವುದರೊಳಗೆ ಬೋಲ್ಟು ಎಲ್ಲವನ್ನೂ ಕೆದಕಿ ತೆಗೆದು, ಕಳೆದುಹೋದ ಒಡವೆ ಹುಡುಕಿಕೊಟ್ಟವರ ಹಾಗೆ ಬಾಲ ಆಡಿಸುತ್ತ ನಿಂತಿತ್ತು. ವೆಂಕಟಮ್ಮ ಏಳುವ ಮುಂಚೆ ಗಂಡಹೆಂಡಿರು ಪೊರಕೆ ಹಿಡಿದು ಹಿತ್ತಿಲು ಗುಡಿಸಿದ ವೇಗವನ್ನು ಯಾವ ಕಾರ್ಖಾನೆಯೂ ಕಂಡಿರಲಾರದು!

"ಪ್ಯಾಕಿಂಗ್ ಸರಿಯಿರ್ಲಿಲ್ಲ," ಎಂದು ದ್ವಾರಕಾನಾಥ ತೀರ್ಪು ಕೊಟ್ಟ.

ಅಂದು ಕೆಲಸ ಮುಗಿಸಿ ಬಂದವನೇ ಹಳೆಯ ಮಣ್ಣಿನ ಕುಡಿಕೆ ತೆಗೆದುಕೊಂಡ. ತಳಕ್ಕೆ ಒಲೆಯ ಬೂದಿ ಹಾಕಿದ, ತೇವ ಹೀರಲಿ ಎಂದು. ಅದರ ಮೇಲೆ ಬೋಲ್ಟುವಿನ ಆ ದಿನದ ಉತ್ಪಾದನೆ. ನೊಣ ಬಾರದಿರಲು ಸುಣ್ಣದ ಪುಡಿ. ನಾಯಿಗಳಿಗೆ ಹುಳಿಯ ವಾಸನೆ ಆಗದೆಂದು ಯಾರೋ ಹೇಳಿದ್ದರಿಂದ ಹೋಳು ಮಾಡಿದ ನಿಂಬೆಹಣ್ಣು. ಅದಕ್ಕೂ ಜಗ್ಗದಿದ್ದರೆ ಇರಲಿ ಎಂದು ಒಂದು ಹಿಡಿ ಒಣಮೆಣಸಿನಕಾಯಿ.

"ಬಾಯಿ ಕಟ್ಟೋಕೆ ಒಂದು ಬಟ್ಟೆ ಕೊಡೇ. ಬಿಳೀದು."

"ಬಿಳೀದು ಅಂದ್ರೆ ನಿಮ್ಮ ಪಂಚೆ. ಹರೀಲಾ?"

ಊರ್ಮಿಳಾಳ ಹಳೆಯ ಕೆಂಪು ರವಿಕೆಯ ತುಂಡೇ ಗತಿಯಾಯಿತು. ಅದನ್ನು ಬಿಗಿದು, ಷಾಪಿನವರು ಮಾತ್ರ ಹಾಕಬಲ್ಲ ಗಂಟು ಹಾಕಿದ. ಕೊನೆಗೆ ಕಾರ್ಖಾನೆಯಲ್ಲಿ ಕೆಟ್ಟ ಮಾಲಿನ ಮೇಲೆ ಹಾಕುವಂತೆ ಕುಡಿಕೆಯ ಹೊಟ್ಟೆಗೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಕತ್ತರಿ ಗುರುತು ಎಳೆದ. ರಿಜೆಕ್ಟ್! ಕತ್ತಲಾದ ಮೇಲೆ ಅದನ್ನು ಬೇಲಿಯ ಬುಡದ ಅದೇ ಗುಂಡಿಯಲ್ಲಿ ಹೂತ. ಅಂದು ಅಮಾವಾಸ್ಯೆ. ಆದರೆ ಕಾರ್ಖಾನೆಯವರ ಲೆಕ್ಕದಲ್ಲಿ ಅದು ಬರಿಯ ಗುರುವಾರ.

ಮರುದಿನ ಅವನು ಪಾಳಿ ಮುಗಿಸಿ ಬಂದಾಗ ಹಿತ್ತಿಲಲ್ಲಿ ಅರ್ಧ ಊರು ನೆರೆದಿತ್ತು. ನುಗ್ಗೆಕೊಂಬೆ ನೆಡಲು ಹೋದ ವೆಂಕಟಮ್ಮನ ಗುದ್ದಲಿಗೆ ಕುಡಿಕೆ ಸಿಕ್ಕಿತ್ತು. ಈಗ ಅದು ಗುಂಡಿಯ ಪಕ್ಕದಲ್ಲಿ, ಕೆಂಪು ಬಟ್ಟೆ ಕಟ್ಟಿಕೊಂಡು, ದೇವರ ಹಾಗೆ ಕುಳಿತಿತ್ತು.

"ಮಾಟ! ಅಮಾಸೆ ದಿವ್ಸ ನೋಡ್ಕಂಡು ಊತವ್ಳೆ! ಬೇಲಿ ಬುಡ್ದಾಗೆ!" ಎಂದು ವೆಂಕಟಮ್ಮ ಬೇಲಿಯತ್ತ ಕೂಗುತ್ತಿದ್ದಳು.

"ಯಾರೇ ಅದು, ಊತವ್ಳೆ ಅಂದಿದ್ದು?" ಬೇಲಿಯಾಚೆಯಿಂದ ನಾಗಲಕ್ಷ್ಮಮ್ಮ.

"ಕುಂಬಳಕಾಯಿ ಕಳ್ಳಿ ಅಂದ್ರೆ ಎಗಲು ಮುಟ್ಟಿ ನೋಡ್ಕಂಡ್ಲು!"

ಚಿಕ್ಕಬಾಣಾವರದಿಂದ ಮಾಟ ತೆಗೆಯುವ ಆವಲಪ್ಪನನ್ನು ಕರೆಸಿದ್ದರು. ಅವನು ಬೇವಿನ ಸೊಪ್ಪು ಹಿಡಿದು, ಸಾಕಷ್ಟು ದೂರ ಕಾಯ್ದುಕೊಂಡೇ, ಕುಡಿಕೆಯನ್ನು ಸುತ್ತುತ್ತಿದ್ದ.

"ಇದು ಈ ಕಡೆಯೋರ ಕೆಲ್ಸ ಅಲ್ಲ ಕಣಮ್ಮ. ಆ ಗಂಟು ನೋಡು! ಇಷ್ಟು ವರ್ಸದಿಂದ ತೆಗೀತಾ ಇವ್ನಿ, ಇಂಥ ಗಂಟು ಕಂಡಿಲ್ಲ. ಕಟ್ಟಿರೋ ಕೈ ದೊಡ್ಡದು."

ಅಂಥ ಹೊತ್ತಿನಲ್ಲೂ ದ್ವಾರಕಾನಾಥನ ಎದೆ ಸ್ವಲ್ಪ ಉಬ್ಬಿತು. ಊರ್ಮಿಳಾ ಅವನ ತೋಳು ಚಿವುಟಿದಳು.

"ಹೇಳ್ರೀ!"

"ಹೇಳಿದ್ರೆ ಮನೆ ಹೋಗುತ್ತೆ."

"ಹೇಳ್ದಿದ್ರೆ ಅವರಿಬ್ಬರಲ್ಲಿ ಒಬ್ಬರ ಜುಟ್ಟು ಹೋಗುತ್ತೆ!"

ನಾಗಲಕ್ಷ್ಮಮ್ಮ ಬೇಲಿ ದಾಟಿ ಬಂದೇಬಿಟ್ಟಿದ್ದಳು. "ಕರ್ಪೂರ ಅಚ್ಚು! ನನ್ನ ಮಕ್ಕಳ ತಲೆ ಮುಟ್ಟಿ ಆಣೆ ಇಡ್ತೀನಿ! ನಾನು..." ಎಂದವಳ ಸೆರಗು ಬಾಯಿಗೆ ಹೋಯಿತು. ದ್ವಾರಕಾನಾಥನಿಗೆ ಇನ್ನು ನಿಲ್ಲಲಾಗಲಿಲ್ಲ.

"ಅಮ್ಮಾ, ಅದು ಅವರದ್ದಲ್ಲ. ನಂದು."

ಎಲ್ಲರೂ ಅವನ ಕಡೆ ತಿರುಗಿದರು.

"ನಂದು ಅಂದ್ರೆ, ನಮ್ಮ ಬೋಲ್ಟೂದು. ನಾಯೀದು. ಬೂದಿ ತೇವಕ್ಕೆ, ಸುಣ್ಣ ನೊಣಕ್ಕೆ..." ಎಂದು ಶುರುಮಾಡಿ ರಿಜೆಕ್ಟ್ ಗುರುತಿನವರೆಗೆ ಬಿಡಿಸಿ ಹೇಳಿದ. ಯಾರ ಮುಖವೂ ಕದಲಲಿಲ್ಲ. ಕೊನೆಗೆ ತಾನೇ ಮುಂದೆ ಬಂದು, ಗಂಟು ಬಿಚ್ಚಿ, ಕುಡಿಕೆಯನ್ನು ಆವಲಪ್ಪನ ಮೂಗಿನ ಬಳಿ ಹಿಡಿದ.

ಬೂದಿ ಮತ್ತು ಸುಣ್ಣ ತಮ್ಮ ಕೆಲಸವನ್ನು ಚೊಕ್ಕವಾಗಿ ಮಾಡಿದ್ದವು. ಒಂದಿಷ್ಟೂ ವಾಸನೆಯಿರಲಿಲ್ಲ! ಒಳಗಿದ್ದುದು ಬೆಳ್ಳಗೆ ಒಣಗಿ, ಯಾವುದೋ ಬೇರಿನ ತುಂಡಿನ ಹಾಗೆ ಕಾಣುತ್ತಿತ್ತು. ಸಿಸ್ಟಮ್ ಗೆದ್ದಿತ್ತು, ಸಾಕ್ಷಿ ಸತ್ತಿತ್ತು.

"ನಾಯೀದು ಅಂತೀರಿ. ನಾಯೀದು ನಾರಬೇಕಲ್ವಾ ಸಾರ್?" ಎಂದ ಆವಲಪ್ಪ, ಮೆಲ್ಲಗೆ ಹಿಂದೆ ಸರಿಯುತ್ತ.

ವೆಂಕಟಮ್ಮನ ಕೈಯಿಂದ ಗುದ್ದಲಿ ಜಾರಿತು. ಮನೆ ಬಿಡಿ ಎಂದು ತಾನು ಕೂಗಿದ್ದು, ಮರುದಿನವೇ ಕುಡಿಕೆ ನೆಲ ಸೇರಿದ್ದು, ಎಲ್ಲ ಅವಳ ಕಣ್ಣಲ್ಲಿ ಕೂಡಿ ಬಂದವು.

"ನನ್ನಪ್ಪಾ, ತಪ್ಪಾಯ್ತು," ಎಂದಳು. "ನೀವೆಲ್ಲಿಗೂ ಓಗ್ಬ್ಯಾಡಿ. ನಾಯಿ ಎಲ್ಲಾರ ಮಾಡ್ಲಿ. ಬೇಕಾರೆ ನಡುಮನೇಲಿ ಮಾಡ್ಲಿ."

ಆವಲಪ್ಪ ಹೊರಡುವಾಗ ದ್ವಾರಕಾನಾಥನನ್ನು ಬದಿಗೆ ಕರೆದು ಕೈ ಮುಗಿದ. "ಚಿಕ್ಕಬಾಣಾವರದ ಕಡೆ ಮಾತ್ರ ಬರ್ಬ್ಯಾಡಿ ಸಾರ್. ನಮ್ದೂ ಒಟ್ಟೆಪಾಡು."

ಮನೆ ಉಳಿಯಿತು. ಆದರೆ ಊರ್ಮಿಳಾ ಬಾವಿಯ ಬಳಿ ಬಂದರೆ ಹೆಂಗಸರು ಹಗ್ಗ ಬಿಟ್ಟು ದಾರಿ ಕೊಡುತ್ತಿದ್ದರು. ನೀರು ಸಲೀಸಾಗಿ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ತುಂಬಿದ ಕೊಡದ ಸದ್ದೊಂದೇ ಅವಳ ಜೊತೆ ಮನೆಗೆ ಬರುತ್ತಿತ್ತು.

"ಏನಾದ್ರೂ ಮಾಡ್ರೀ. ಎಲ್ಲರಿಗೂ ಸರಿಯಾಗಿ ತಿಳಿಸಿ ಹೇಳಿ."

"ಹೇಳ್ತೀನಿ ಕಣೇ. ವೈಜ್ಞಾನಿಕವಾಗಿ ಹೇಳ್ತೀನಿ."

ಆ ಭಾನುವಾರವೇ ಅವಕಾಶ ಒದಗಿತು. ನಾಗಲಕ್ಷ್ಮಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ಅಚ್ಚರಿಯೆಂದರೆ ಪಕ್ಕದಲ್ಲಿ ವೆಂಕಟಮ್ಮನೂ ಇದ್ದಳು. ಭಯ ಓರಗಿತ್ತಿಯರನ್ನು ಒಂದುಮಾಡಿತ್ತು.

"ಎಮ್ಮೆ ಆಲು ಕೊಡಾಕಿಲ್ಲ ಅಂತೈತೆ ಸಾಮಿ. ಕೊಟ್ಟಿಗೆ ಮೂಲೇಲಿ ಇಡಾಕೆ ಒಂದು ಕುಡಿಕೆ ಕಟ್ಕೊಡಿ."

ದ್ವಾರಕಾನಾಥ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಊರ್ಮಿಳಾ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಳು.

"ನೋಡಿ ಅಮ್ಮ, ಇದೆಲ್ಲ ಮೂಢನಂಬಿಕೆ. ನಾನು ಡಿಪ್ಲೊಮಾ ಓದಿದೋನು. ಮಾಟ ಮಂತ್ರ ಒಂದೂ ನನಗೆ ಬರಲ್ಲ. ಆ ಕುಡಿಕೇಲಿ ಇರೋದು ಬರೀ..."

ಅಷ್ಟರಲ್ಲಿ ಕಿಟಕಿಯಾಚೆ ಬೋಲ್ಟು ಜಾಗ ಹುಡುಕುತ್ತ ಸುತ್ತು ಹಾಕಿ, ಸರಿಯಾಗಿ ಬಾವಿಕಟ್ಟೆಯ ಮೇಲೆ, ಕುಕ್ಕರಿಸತೊಡಗಿದ್ದು ಅವನ ಕಣ್ಣಿಗೆ ಬಿತ್ತು. ಕುಡಿಯುವ ನೀರು! ಒಂದು ಕೈಯಲ್ಲಿ ಬೂದಿ ಬುಟ್ಟಿ, ಇನ್ನೊಂದರಲ್ಲಿ ಬೋಲ್ಟುವಿಗೆಂದು ತಂದಿಟ್ಟಿದ್ದ ಹೊಸ ಕುಡಿಕೆ ಎತ್ತಿಕೊಂಡು ಅವನು ಓಡಿದ.

"ನೋಡ್ದಾ?" ಎಂದು ವೆಂಕಟಮ್ಮ ಓರಗಿತ್ತಿಯ ಕಿವಿಯಲ್ಲಿ ಉಸುರಿದಳು. "ಕೇಳಿದ್ದೇ ತಡ, ಒಂಟೇಬಿಟ್ರು."

ಇಬ್ಬರೂ ಕೈ ಮುಗಿದು ದಾರಿ ಬಿಟ್ಟರು. ಅವರ ನಡುವೆ ಹಾದು ಹೋಗುತ್ತಲೇ ದ್ವಾರಕಾನಾಥ, "ಇಲ್ಲಮ್ಮ, ಇದು ಅದಲ್ಲ, ನಾನು ಬಂದು ಹೇಳ್ತೀನಿ, ಇದು ಏನಪ್ಪಾ ಅಂದ್ರೆ..." ಎನ್ನುತ್ತ ಹಿತ್ತಿಲಿಗೆ ಇಳಿದುಹೋದ.